ಎಲ್ಲರ ಗಂಡನ ಹೆಸರೂ ಶಿವಪ್ಪ

ಬನಹಟ್ಟಿಯ ದವಾಖಾನೆಗೆ ಕಂಪ್ಯೂಟರ್ ಬಂದಾಗಿನಿಂದ ನರ್ಸ್ ಶೇವಂತಿಗೆ ಸೂಜಿ ಚುಚ್ಚುವುದು ಸಲೀಸು, ಕೀಲಿ ಒತ್ತುವುದೇ ಹೆದರಿಕೆ. ರೋಗಿಗಳ ವಿವರವನ್ನೆಲ್ಲ ಅದರಲ್ಲೇ ಬರೆಯಬೇಕು. ಒಂದು ಜಾಗ ಖಾಲಿ ಬಿಟ್ಟರೂ ಅದು ಮೊಂಡು ಎಮ್ಮೆಯ ಹಾಗೆ ನಿಂತುಬಿಡುತ್ತದೆ. ಹೊರಗೆ ಸಾಲು ಬೆಳೆಯುತ್ತದೆ, ಒಳಗೆ ಶೇವಂತಿ ಕೀಲಿಗಳ ಮೇಲೆ ಬೆರಳಾಡಿಸುತ್ತ ಕೂರುತ್ತಾಳೆ.

ಅಂದಂತೂ ಹೆದರಿಕೆ ದುಪ್ಪಟ್ಟಾಗಿತ್ತು. ಆ ಸಾಫ್ಟ್‌ವೇರ್ ಮಾಡಿದ ಕಂಪನಿಯ ಮೃಣ್ಮಯಿ ಇಂಜೆಕ್ಷನ್ ಕೋಣೆಯಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು. ಜಮಖಂಡಿಯ ಹುಡುಗಿ. ನರ್ಸ್‌ಗಳಿಗೆ ಎಲ್ಲಿ ತೊಡಕಾಗುತ್ತದೆಂದು ನೋಡಿ ಸರಿಪಡಿಸಲು ಬಂದವಳು. ಆದರೆ ಹಿರಿಯ ನರ್ಸ್ ಪದ್ಮವ್ವ ಬೆಳಿಗ್ಗೆಯೇ ಶೇವಂತಿಗೆ ಕಿವಿಮಾತು ಹೇಳಿದ್ದಳು.

“ಕೇಳಿದರ ಎಲ್ಲಾ ಛಲೋ ಐತ್ರಿ ಅಂದುಬಿಡು. ನೀ ಗುತ್ತಿಗಿ ಮ್ಯಾಲ ಇರಾಕಿ. ಬರೂದಿಲ್ಲ ಅಂದಿ ಅಂದ್ರ ನಾಳೆ ಮನಿಗೆ ಕಳಸ್ತಾರ.”

ಮೃಣ್ಮಯಿ ಕೇಳಿದಾಗಲೆಲ್ಲ ಶೇವಂತಿ, “ಎಲ್ಲಾ ಛಲೋ ಐತ್ರಿ ಮೇಡಮ್,” ಎಂದಳು. ಪಾಪ, ಇನ್ನೇನು ಹೇಳಿಯಾಳು.

ಮಧ್ಯಾಹ್ನದ ಹೊತ್ತಿಗೆ ನೇಕಾರರ ಓಣಿಯ ಬೋರವ್ವ ಬಂದಳು. ಮಗ್ಗದ ಲಾಳಿ ಬಡಿದು ಮುದುಕಿಯ ಬೆರಳು ಬಾತು ಕೀವಾಗಿತ್ತು. ಡಾಕ್ಟರು ನೋಡಿ ಪೆನ್ಸಿಲಿನ್ ಇಂಜೆಕ್ಷನ್ ಬರೆದರು. ಶೇವಂತಿ ಸಿರಿಂಜಿಗೆ ಔಷಧ ಎಳೆದುಕೊಂಡು ರೂಢಿಯಂತೆ ಕೇಳಿದಳು.

“ಯಾವುದಾರ ಸೂಜಿ ಮೈಗೆ ಆಗಿಬರೂದಿಲ್ಲ ಅನ್ನೂದು ಐತೇನಬೇ ಆಯಿ?”

“ಐತಲ್ಲವಾ. ಹೋದ ವರ್ಷ ಮುಧೋಳದಾಗ ಮಗಳ ಮನಿಗೆ ಹೋದಾಗ ಒಂದ ಸೂಜಿ ಮಾಡಿದ್ರು. ಉಸುರ ಕಟ್ಟಿ ಸಾಯೂದು ಬಾಕಿ ಇತ್ತು. ಅಲ್ಲಿ ಡಾಕ್ಟರು ಬರದು ಕೊಟ್ಟ ಚೀಟಿ ತಂದು ನಿನಗ ತೋರಿಸಿದ್ನಲ್ಲ. ಕಂಪ್ಯೂಟರನ್ಯಾಗ ಹಾಕೇನಿ, ಇನ್ನ ಚೀಟಿ ಬ್ಯಾಡ ಅಂದಿ.”

“ಯಾವ ಸೂಜಿ ಅದು?”

“ನನಗೇನ ಗೊತ್ತವಾ? ನಿನ್ನ ಪೆಟ್ಟಿಗಿಗೆ ಗೊತ್ತೈತಿ.”

ಶೇವಂತಿಗೆ ನೆನಪಾಗಲಿಲ್ಲ. ದಿನಾ ಎಷ್ಟು ಜನ, ಎಷ್ಟು ಚೀಟಿ. ಬೇರೆ ಔಷಧ ಬರೆಸೋಣವೆಂದರೆ, ಆಗಿಬರದ್ದು ಅದೇ ಆಗಿದ್ದರೆ? ಸಿರಿಂಜನ್ನು ತಟ್ಟೆಯಲ್ಲಿಟ್ಟು ಕಂಪ್ಯೂಟರಿನಲ್ಲಿ ಬೋರವ್ವ ಎಂದು ಹುಡುಕಿದಳು. ಬೋರವ್ವಂದಿರ ದಂಡೇ ಬಂತು.

“ಯಜಮಾನರ ಹೆಸರು ಹಾಕಿದ್ರ ಲಗೂ ಸಿಗ್ತದ,” ಎಂದು ಮೃಣ್ಮಯಿ ಮುಂದೆ ಬಂದಳು. “ಆಯಿ, ಅವರ ಹೆಸರೇನ್ರಿ?”

ಬೋರವ್ವ ಬಾಯಿಗೆ ಸೆರಗು ಹಿಡಿದಳು. “ಅವರ ಹೆಸರ ನಾ ಹೆಂಗ ಹೇಳಲಿ?”

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯವಳು ರಾಮಣ್ಣ ಎಂದಳು. ಮೃಣ್ಮಯಿ ಹುಡುಕಿದಳು. ಬೋರವ್ವ, ಗಂಡ ರಾಮಣ್ಣ, ಅಂಥವರು ಯಾರೂ ಇರಲಿಲ್ಲ.

“ಇವರ ದಾಖಲೆ ಇಲ್ಲಿಲ್ಲ ಸಿಸ್ಟರ್. ಹೊಸಾದು ತಗೀರಿ,” ಎಂದಳು. ಅತ್ತಲಿಂದ ಡಾಕ್ಟರು, “ಸೂಜಿ ಆತೇನು ಶೇವಂತಿ?” ಎಂದು ಕೂಗಿದರು.

ಶೇವಂತಿ ಹೊಸ ದಾಖಲೆ ತೆರೆಯಲಿಲ್ಲ. ದಾಖಲೆ ಯಾಕೆ ಸಿಗುತ್ತಿಲ್ಲವೆಂದು ಅವಳೊಬ್ಬಳಿಗೇ ಗೊತ್ತಿತ್ತು. ಹಿರಿಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಹೆಸರಿಲ್ಲದೆ ಕಂಪ್ಯೂಟರ್ ಮುಂದೆ ಹೋಗುವುದಿಲ್ಲ. ಸಾಲಿನವರು ಗದ್ದಲ ಎಬ್ಬಿಸುವ ಮೊದಲು ಅವಳು ಎಲ್ಲರಿಗೂ ಶಿವಪ್ಪ ಎಂದು ಹೊಡೆದು ಮುಂದೆ ಸಾಗುತ್ತಿದ್ದಳು. ಈಗ ಬಾಯಿಬಿಟ್ಟರೆ ಕೆಲಸ ಹೋದೀತು. ಬಿಡದಿದ್ದರೆ ಎದುರಿಗೆ ಕೂತ ಮುದುಕಿಯ ಜೀವ ಹೋದೀತು.

“ಮೇಡಮ್,” ಎಂದಳು. “ಗಂಡ ಶಿವಪ್ಪ ಅಂತ ಹುಡುಕ್ರಿ. ಹೆಸರ ಹೇಳದವರಿಗೆಲ್ಲಾ ನಾನ ಹಂಗ ಹಾಕೇನಿ.”

ಶಿವಪ್ಪನ ಹೆಂಡಂದಿರಾದ ಬೋರವ್ವಂದಿರ ದಾಖಲೆಗಳನ್ನು ಒಂದೊಂದಾಗಿ ತೆರೆದರು. ಓಣಿಯ ಹೆಸರೂ ಅಲರ್ಜಿಯ ಸುದ್ದಿಯೂ ಕೊನೆಯ ಪುಟದಲ್ಲಿ ಅಡಗಿರುತ್ತಿದ್ದವು, ಅಲ್ಲಿಯವರೆಗೂ ಒತ್ತುತ್ತಲೇ ಹೋಗಬೇಕು. ಕಡೆಗೆ ನೇಕಾರರ ಓಣಿಯ ಬೋರವ್ವ ಸಿಕ್ಕಳು. ಆಗಿಬರದ ಔಷಧ: ಪೆನ್ಸಿಲಿನ್.

ಅದೇ ಔಷಧ ತಟ್ಟೆಯ ಸಿರಿಂಜಿನಲ್ಲಿತ್ತು. ಶೇವಂತಿ ಅದನ್ನು ದೂರ ಸರಿಸಿ ಡಾಕ್ಟರನ್ನು ಕೂಗಿದಳು. ಡಾಕ್ಟರು ಓಡಿಬಂದು ಓದಿದರು, ಬೇರೆ ಔಷಧ ಬರೆದುಕೊಟ್ಟರು.

ಮೃಣ್ಮಯಿ ಕುರ್ಚಿಯನ್ನು ಶೇವಂತಿಯ ಹತ್ತಿರ ಎಳೆದುಕೊಂಡಳು. “ಗಂಡನ ಹೆಸರು ಬೇಕೇ ಬೇಕು ಅಂತ ಇಟ್ಟಾಕಿ ನಾನ, ಸಿಸ್ಟರ್. ಆಫೀಸಿನಾಗ ಕೂತು ಮಾಡಿದ್ದು. ನಿಮ್ಮನ್ನ ಒಂದು ಮಾತು ಕೇಳಲಿಲ್ಲ. ಇವತ್ತು ನೀವು ಸುಮ್ಮನಿದ್ದಿದ್ರ, ಎಲ್ಲಾ ಛಲೋ ಅದ ಅಂತ ಬರಕೊಂಡು ಹೋಗಿಬಿಡ್ತಿದ್ದೆ.”

“ಕೆಲಸಾ ಹೋಗತೈತಿ ಅಂತ ಅಂಜಿದ್ದೆರಿ.”

“ತೊಡಕು ಹೇಳಿದವರ ಕೆಲಸ ಹೋದ್ರ ನಾ ಇಲ್ಲಿ ಬಂದು ಏನು ಉಪಯೋಗ? ಈಗ ಹೇಳ್ರಿ, ಇನ್ನೇನೇನು ಕಾಡ್ತದ?”

ಶೇವಂತಿ ಹೇಳುತ್ತ ಹೋದಳು. ಬಾಗಿಲಲ್ಲಿ ಕೇಳುತ್ತ ನಿಂತಿದ್ದ ಪದ್ಮವ್ವ ತಾನೂ ಸ್ಟೂಲು ಎಳೆದುಕೊಂಡಳು. “ಹಂಗಾರ ನಂದೂ ಬರಕೊಳ್ರಿ ಮೇಡಮ್. ಆ ಅಕ್ಷರ ಇರುವಿ ಹರದಾಡಿದಂಗ ಕಾಣತಾವ.”

ಮುಂದೆ ಬಂದ ಸಾಫ್ಟ್‌ವೇರಿನಲ್ಲಿ ರೋಗಿಯ ಫೋಟೊ ಇದೆ, ಅಲರ್ಜಿ ಪ್ರತಿ ಪುಟದ ತಲೆಯ ಮೇಲೆ ಕೆಂಪಗೆ ಕಾಣುತ್ತದೆ. ಗಂಡನ ಹೆಸರಿಲ್ಲದೆಯೂ ಮುಂದೆ ಹೋಗಬಹುದು. ಹಳೆಯ ಶಿವಪ್ಪಂದಿರನ್ನು ಹುಡುಕಿ ತಿದ್ದುವುದರಲ್ಲಿ ಶೇವಂತಿ, ಪದ್ಮವ್ವ ಇಬ್ಬರಿಗೂ ಸಾಕುಬೇಕಾಯಿತು.

ನರ್ಸ್ ಅಕ್ಕಂದಿರೇ, ಕಂಪ್ಯೂಟರ್ ಕಾಡಿದರೆ ಏನೋ ಒಂದು ಹೊಡೆದು ದಾಟಬೇಡಿ, ತೊಡಕಿದೆ ಎಂದು ಹೇಳಿ. ಸಾಫ್ಟ್‌ವೇರ್ ಮಾಡುವವರೇ, ಮಾಡುವ ಮೊದಲು ಒಂದು ದಿನ ನರ್ಸ್ ಪಕ್ಕ ಕೂತು ನೋಡಿ. ಮನೆಮಂದಿಯೇ, ಮೈಗೆ ಆಗದ ಔಷಧದ ಚೀಟಿ ಜೋಪಾನವಾಗಿಡಿ, ಹೋದಾಗಲೆಲ್ಲ ತೋರಿಸಿ. ಬೋರವ್ವ ಅಂದು ತನ್ನ ಕಾಲ ಮೇಲೆ ನಡೆದು ಮನೆಗೆ ಹೋದಳು. ನಿಮ್ಮೂರಿನ ಬೋರವ್ವನೂ ಹಾಗೇ ಹೋಗಲಿ.