ಹೋಲಿಕೆಗೆಂದು ಕೊಟ್ಟ ಚೂರು

"ಮೇಡಂ, ಬೇಜಾರ್ ಮಾಡ್ಕೋಬೇಡಿ. ಸ್ಯಾಂಪಲ್ ಎರಡೂ ಅದಲು ಬದಲಾಗಿವೆ ಅನ್ಸುತ್ತೆ," ಎಂದಳು ಜಬೀನ್.

ಬೇಜಾರಂತೆ ಬೇಜಾರು! ನನ್ನ ಮೈಯೆಲ್ಲ ಉರಿದುಹೋಯಿತು. ಹೆಬ್ಬಾಳದ ಈ ಪ್ರಯೋಗಾಲಯದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನಡೆಸುವವಳು ನಾನು. ಒಂದು ಕೂದಲನ್ನು ಸಾವಿರ ಪದರ ಸೀಳಿದರೆ ಒಂದು ಪದರ ಎಷ್ಟಿರುತ್ತದೋ ಅಷ್ಟು ತೆಳ್ಳಗೆ ಮಾಂಸದ ಚೂರನ್ನು ಕೊಯ್ಯುವ ಕೈ ಇದು. ಈ ಕೈಗೆ ಎರಡು ಟ್ಯೂಬಿನ ನಂಬರು ನೋಡಿಕೊಳ್ಳಲು ಬರಲಿಲ್ಲವಂತೆ. ಹೇಳುತ್ತಿರುವವಳು ಸಂಶೋಧನೆಗೆಂದು ಇಲ್ಲಿಗೆ ಕಾಲಿಟ್ಟದ್ದೇ ಮೊನ್ನೆ ಮೊನ್ನೆ.

"ನೋಡು ತಾಯಿ, ನಾನು ಚಪಾತಿ ಲಟ್ಟಿಸಿದ್ರೆ ತಪ್ಪಾಗುತ್ತೆ. ಇದ್ರಲ್ಲಿ ಆಗಲ್ಲ," ಎಂದೆ.

"ಹಾಗಾದ್ರೆ ಇದನ್ನ ನೋಡಿ," ಎಂದು ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿದಳು.

ಒಂದು ಟ್ಯೂಬಿನಲ್ಲಿದ್ದದ್ದು ಅಲ್ಲಾಳಸಂದ್ರದ ಒಬ್ಬ ಪುಟ್ಟ ಹುಡುಗಿಯ ಸ್ನಾಯುವಿನ ಚೂರು. ನಾಲ್ಕು ಹೆಜ್ಜೆ ಓಡಿದರೆ ಕುಸಿದು ಕೂರುತ್ತಾಳಂತೆ, ಜೀವಕೋಶದಲ್ಲೇ ಶಕ್ತಿ ಹುಟ್ಟುತ್ತಿಲ್ಲವೇನೋ ಎಂದು ಡಾಕ್ಟರರ ಅನುಮಾನ. ಇನ್ನೊಂದು ಟ್ಯೂಬಿನಲ್ಲಿದ್ದದ್ದು ಹೋಲಿಸಿ ನೋಡಲು ಬೇಕಾದ ಆರೋಗ್ಯವಂತರ ಚೂರು.

ಮೈಟೊಕಾಂಡ್ರಿಯಾ ಎಂಬ ಹೆಸರನ್ನು ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದವರೇ. ಜೀವಕೋಶದೊಳಗಿನ ಆ ಸಣ್ಣ ಚೀಲಕ್ಕೆ ಎರಡು ಪೊರೆಗಳು. ಒಳಗಿನದು ಸುಮ್ಮನೆ ಹಾಸಿಕೊಂಡಿರುವುದಿಲ್ಲ, ಸೀರೆಯ ನೆರಿಗೆಯ ಹಾಗೆ ಪದರ ಪದರವಾಗಿ ಒತ್ತಿಕೊಂಡು ನಿಂತಿರುತ್ತದೆ. ನೆರಿಗೆ ಹೆಚ್ಚಿದ್ದಷ್ಟೂ ಕೆಲಸಕ್ಕೆ ಜಾಗ ಹೆಚ್ಚು. ತಿಂದ ಅನ್ನದ ಬಲದಲ್ಲಿ ಪ್ರೋಟಾನುಗಳನ್ನು ಆ ಪೊರೆಯ ಆಚೆಗೆ ತಳ್ಳುವುದು, ಅವು ಮರಳಿ ಒಳನುಗ್ಗುವಾಗ ಪೊರೆಯಲ್ಲಿ ಕೂತಿರುವ ಪುಟಾಣಿ ಚಕ್ರಗಳು ತಿರುಗಿ ಶಕ್ತಿ ತಯಾರಾಗುವುದು, ಇಷ್ಟೇ ಕಥೆ. ಮೋಟಾರು ಹಾಕಿ ಮೇಲಿನ ಟ್ಯಾಂಕಿಗೆ ನೀರು ಏರಿಸಿ, ಆಮೇಲೆ ನಲ್ಲಿ ಬಿಟ್ಟುಕೊಳ್ಳುವುದಿಲ್ಲವೇ, ಹಾಗೆ. ಪೊರೆ ಕೆಟ್ಟರೆ ಟ್ಯಾಂಕು ತುಂಬುವುದಿಲ್ಲ.

ಕಾಯಿಲೆಯೆಂದು ಬಂದ ಹುಡುಗಿಯ ಚಿತ್ರದಲ್ಲಿ ನೆರಿಗೆಗಳು ಅಚ್ಚುಕಟ್ಟಾಗಿದ್ದವು. ಆರೋಗ್ಯವಂತರ ಚಿತ್ರದಲ್ಲಿ ನೆರಿಗೆಯೇ ಇಲ್ಲ! ಪೊರೆಯೆಲ್ಲ ಅಡ್ಡಕ್ಕೆ ಕೊಯ್ದ ಈರುಳ್ಳಿಯಂತೆ ಸುತ್ತು ಸುತ್ತಾಗಿ, ನಡುವೆ ಬರಿದಾಗಿತ್ತು.

"ಅದಲು ಬದಲಾಗಿದೆ ಅಂತ ಒಪ್ಕೊಂಡ್ರೆ ಎಲ್ಲಾ ಸರಿಹೋಗುತ್ತೆ ಮೇಡಂ. ಆಸ್ಪತ್ರೆಗೆ ಇವತ್ತೇ ತಿಳಿಸ್ಬಹುದು."

"ಏನೂ ತಿಳಿಸ್ಬೇಡ. ಟ್ಯೂಬಲ್ಲಿ ಇನ್ನೊಂದೊಂದು ಚೂರು ಉಳಿದಿದೆ. ನಿನ್ನ ಕಣ್ಣೆದುರಿಗೇ ಮೊದಲಿಂದ ಮಾಡ್ತೀನಿ," ಎಂದು ಎದ್ದು ಬಂದೆ.

ಜಬೀನ್‌ಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ನಮ್ಮಲ್ಲಿ ಟ್ಯೂಬಿನ ಮೇಲೆ ಹೆಸರು ಬರೆಯುವುದಿಲ್ಲ, ನಂಬರು ಮಾತ್ರ. ಆ ಆರೋಗ್ಯವಂತರ ಚೂರು ನನ್ನದು. ಯಲಹಂಕ ಬಸ್‌ಸ್ಟಾಪಿನಲ್ಲಿ ಜಾರಿ ಬಿದ್ದು ತೊಡೆಗೆ ರಾಡು ಹಾಕಿಸಿಕೊಂಡಾಗ, "ಹೋಲಿಕೆಗೆ ಒಂದು ಚೂರು ತಗೋಬಹುದಾ?" ಎಂದು ಡಾಕ್ಟರು ಕೇಳಿದ್ದರು. ನನ್ನನ್ನು ಆರೋಗ್ಯವಂತೆ ಎಂದು ಯಾರಾದರೂ ಲೆಕ್ಕಕ್ಕೆ ಹಿಡಿದದ್ದು ಅದೇ ಮೊದಲು. ಹೆಮ್ಮೆಯಿಂದ ಹೂಂ ಎಂದಿದ್ದೆ.

ಅಂದು ಸಂಜೆ ಪುಟ್ಟೇನಹಳ್ಳಿಯ ಮನೆಯ ಮೆಟ್ಟಿಲು ಹತ್ತುವಾಗ ಎಂದಿನಂತೆ ನಡುವೆ ನಿಂತೆ. ಮೂರನೇ ಅಂತಸ್ತಿನಲ್ಲಿ ನಾನೊಬ್ಬಳೇ. ಕೆಳಗಿನ ಮನೆಯ ಜಗನ್ ಬಾಗಿಲಿನಿಂದಲೇ, "ಏನ್ ನಂದಿತಾ ಅವ್ರೇ, ಮತ್ತೆ ಬ್ರೇಕ್‌ಡೌನಾ?" ಎಂದು ನಕ್ಕ. ನಾನೂ ನಕ್ಕೆ. ಇನ್ನೇನು ಮಾಡಲಿ? ನನ್ನ ಗಂಡನಾಗಿದ್ದ ಅಶ್ವತ್ಥ್, "ನಿನ್ನ ಕಟ್ಕೊಳ್ಳೋ ಬದ್ಲು ಒಂದು ಸೋಫಾ ತಂದಿದ್ರೆ ಕೂರೋಕಾದ್ರೂ ಆಗ್ತಿತ್ತು," ಎಂದು ಹೇಳಿ ಹೋದವನು ತಿರುಗಿ ನೋಡಲಿಲ್ಲ. ಬಾಗಲೂರಿನ ಹೊಲದಲ್ಲಿ ನನ್ನ ಅಮ್ಮ ಮಾರಕ್ಕ ಕಳೆ ಕೀಳುತ್ತಾ ಕೀಳುತ್ತಾ ಬದುವಿನ ಮೇಲೆ ಕೂತುಬಿಡುತ್ತಿದ್ದಳು. "ಇಂಗೆ ಕುಂತ್ಕಂಡ್ರೆ ಕಳೆ ತಾನಾಗೇ ಕಿತ್ಕಂತದೇನೇ, ಸೋಮಾರಿ?" ಎಂದು ನನ್ನ ಅಜ್ಜಿ ಮುನಿಕೃಷ್ಣಮ್ಮ ಊರಿಗೆಲ್ಲ ಕೇಳುವಂತೆ ಬೈಯುತ್ತಿದ್ದಳು. "ಕಾಲು ಬರ್ತಾ ಇಲ್ಲ ಅತ್ತೆ," ಎನ್ನುತ್ತಿದ್ದಳು ಅಮ್ಮ. ಸಾಯುವ ತನಕ ಅವಳಿಗೆ ಅದೇ ಹೆಸರು. ಅವಳು ಹೋದ ಮೇಲೆ ಅದು ನನಗೆ ಬಂತು.

ಆ ಮೆಟ್ಟಿಲ ಮೇಲೆ ನನ್ನ ಜೀವ ಝಲ್ಲೆಂದಿತು. ತಪ್ಪು ನನ್ನ ಕೈಯದಲ್ಲದಿದ್ದರೆ ನನ್ನ ಮೈಯದೇ. ಅಯ್ಯೋ, ಅದಲು ಬದಲೇ ಆಗಿರಲಿ, ಕೆಲಸಗೇಡಿ ಎನ್ನಿಸಿಕೊಂಡರೂ ಪರವಾಗಿಲ್ಲ ಎಂದು ಬೇಡಿಕೊಂಡೆ. ನಾಳೆ ಹೋಗಿ, "ಹೌದಮ್ಮ, ಕಣ್ತಪ್ಪಾಯ್ತು" ಎಂದುಬಿಟ್ಟರೆ ಯಾರೂ ಕೇಳುವವರಿರಲಿಲ್ಲ. ಆದರೆ ನನ್ನ ಕಾಯಿಲೆಯನ್ನು ಆ ಹುಡುಗಿಯ ತಲೆಗೆ ಕಟ್ಟಿದಂತಾಗುತ್ತದೆ. ಅವಳಿಗೆ ನಿಜವಾಗಿ ಏನಾಗಿದೆಯೆಂದು ಆಮೇಲೆ ಯಾರು ಹುಡುಕುತ್ತಾರೆ?

ಉಳಿದ ಚೂರುಗಳನ್ನು ರಾಳದಲ್ಲಿ ಗಟ್ಟಿ ಮಾಡಿ ಕೊಯ್ಯಲು ಒಂದು ವಾರ ಹಿಡಿಯಿತು. ಪ್ರತಿ ಹಂತದಲ್ಲೂ ಜಬೀನ್‌ಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನಂಬರು ಓದಿಸಿದೆ. ಕೊನೆಗೆ ಪರದೆಯ ಮೇಲೆ ಮೊದಲು ಹುಡುಗಿಯ ನೆರಿಗೆಗಳು ಮೂಡಿದವು. ಎಷ್ಟು ಚೆಂದ! ಆಮೇಲೆ ಇನ್ನೊಂದನ್ನು ಇಟ್ಟೆ. ಅದೇ ಈರುಳ್ಳಿ.

"ಸಾರಿ ಮೇಡಂ, ನಿಮ್ಮದೇನೂ ತಪ್ಪಿಲ್ಲ," ಎಂದಳು ಜಬೀನ್. ಮರುಕ್ಷಣ ಅವಳ ಮುಖ ಬದಲಾಯಿತು. "ಆದ್ರೆ ಇದು ಯಾರ್ದೋ ಪಾಪ. ಅವ್ರಿಗೆ ಹೇಳ್ಬೇಕಲ್ವಾ?"

"ಗೊತ್ತಾಯ್ತು ಬಿಡು ಅವ್ರಿಗೆ."

ಅವಳು ನನ್ನನ್ನೇ ನೋಡಿದಳು. ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಆಮೇಲೆ ಕುರ್ಚಿ ಎಳೆದುಕೊಂಡು ಹತ್ತಿರ ಕೂತು, "ಮನೇಲಿ ಯಾರಿದ್ದಾರೆ ಮೇಡಂ? ಯಾರಿಗಾದ್ರೂ ಫೋನ್ ಮಾಡ್ಲಾ?" ಎಂದು ಕೇಳಿದಳು.

ಇಡೀ ವಾರದಲ್ಲಿ ನನಗೆ ಅಳು ಬಂದದ್ದು ಆ ಪ್ರಶ್ನೆಗೆ. ಕಾಯಿಲೆಗಲ್ಲ. ಎಷ್ಟು ಯೋಚಿಸಿದರೂ ಒಂದು ಹೆಸರೂ ಹೊಳೆಯಲಿಲ್ಲ.

"ಇನ್ನೂ ಟೆಸ್ಟ್‌ಗಳು ಆಗ್ಬೇಕು ಮೇಡಂ, ಈಗ್ಲೇ ಏನೂ ಹೇಳಕ್ಕಾಗಲ್ಲ," ಎನ್ನುತ್ತಲೇ ಇದ್ದಳು ಪಾಪ. ನನಗೂ ಗೊತ್ತು. ಮೈಟೊಕಾಂಡ್ರಿಯಾ ಬರುವುದು ತಾಯಿಯಿಂದ ಮಾತ್ರ ಎಂಬುದೂ ಗೊತ್ತು. ಅಪ್ಪನ ಕಡೆಯದು ಅದರಲ್ಲಿ ಏನೂ ಇರುವುದಿಲ್ಲ. ಆ ಚಿತ್ರದಲ್ಲಿದ್ದದ್ದು ಅಮ್ಮ ಕೊಟ್ಟದ್ದು.

ಸಂಜೆ ಮೆಟ್ಟಿಲ ನಡುವೆ ಕಾಲು ಸೋತಿತು. ದಿನವೂ ಗೋಡೆ ಹಿಡಿದು ನನಗೆ ನಾನೇ ಬೈದುಕೊಳ್ಳುತ್ತಿದ್ದೆ. ಅಂದು ಬೈಯಲಿಲ್ಲ, ಅಲ್ಲೇ ಕೂತೆ. ಅಮ್ಮ ಬದುವಿನ ಮೇಲೆ ಕೂರುತ್ತಿದ್ದಂತೆ, ಎರಡೂ ಕಾಲು ಚಾಚಿ ಕೂತೆ.

"ನಾವಿಬ್ರೂ ಸೋಮಾರಿಗಳಲ್ಲ ಕಣಮ್ಮ," ಎಂದು ಗಟ್ಟಿಯಾಗಿಯೇ ಹೇಳಿದೆ.

ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ. ಮನೆಗೆ ಇನ್ನೂ ಒಂದು ಅಂತಸ್ತು ಬಾಕಿಯಿತ್ತು.