ಸೊಪ್ಪಿನಕ್ಕ ಯಾಕೆ ನೀರು ಕುಡಿಯುತ್ತಿರಲಿಲ್ಲ?

ಆ ತರಕಾರಿ ಮಾರುಕಟ್ಟೆಯ ಹೆಂಗಸರಿಗೆ ಬಾಯಾರಿಕೆ ಅಭ್ಯಾಸವಾಗಿ ಹೋಗಿತ್ತು. ಬೆಳಕು ಹರಿಯುವ ಮೊದಲೇ ಬಂದು ಗೋಣಿ ಹಾಸಿ ಕೂತರೆ ಮನೆ ಸೇರುವುದು ಸಂಜೆಗೆ. ಅಷ್ಟು ಹೊತ್ತೂ ಸೊಪ್ಪಿಗೆ ನೀರು ಚಿಮುಕಿಸುವರೇ ಹೊರತು ತಾವು ಒಂದು ಗುಟುಕು ಕುಡಿಯುತ್ತಿರಲಿಲ್ಲ. ಕುಡಿದರೆ ಹೋಗಬೇಕು, ಹೋಗಲು ಜಾಗವಿಲ್ಲ. ಗಂಡಸರಿಗಾದರೆ ಊರ ಗೋಡೆಗಳೆಲ್ಲ ಅವರವೇ. ಹೆಂಗಸರು ಎಲ್ಲಿಗೆ ಹೋಗಬೇಕು?

ಅವರಲ್ಲಿ ಎಲ್ಲರಿಗಿಂತ ಹಳಬಳು ಸೊಪ್ಪಿನಕ್ಕ. ತಾಯಿ ತೀರಿಕೊಂಡ ಮೇಲೆ ಪುಟ್ಟ ತಮ್ಮನನ್ನು ಬುಟ್ಟಿಯ ಪಕ್ಕದಲ್ಲೇ ಮಲಗಿಸಿಕೊಂಡು ಸಾಕಿದವಳು. ಹುಡುಗನ ಗಂಟಲು ಎಂಥದ್ದೆಂದರೆ, ಈ ತುದಿಯಲ್ಲಿ ಬೆಲೆ ಕೂಗಿದರೆ ಆ ತುದಿಯ ಗಿರಾಕಿ ತಿರುಗಿ ನೋಡುತ್ತಿದ್ದ. ಮಾರುಕಟ್ಟೆಯವರೇ ಅವನಿಗೆ ‘ಗಂಟೆ’ ಎಂದು ಹೆಸರಿಟ್ಟರು.

ಗಂಟೆ ಬೆಳೆದು ಪುರಸಭೆ ಚುನಾವಣೆಗೆ ನಿಂತ. ಮಾರುಕಟ್ಟೆಯ ನಡುವೆ ಒಂದು ಮರದ ಪೆಟ್ಟಿಗೆ ಹತ್ತಿ ಮೊದಲ ಭಾಷಣ ಮಾಡಿದ. “ನನ್ನ ಅಕ್ಕ ಬೆಳಿಗ್ಗೆಯಿಂದ ಸಂಜೆ ತನಕ ನೀರು ಕುಡಿಯಲ್ಲ. ಯಾಕೆ ಅಂತ ನಿಮಗೆಲ್ಲ ಗೊತ್ತು. ನನ್ನ ಗೆಲ್ಲಿಸಿ, ಮೊದಲು ಕಟ್ಟೋದೇ ಹೆಂಗಸರ ಶೌಚಾಲಯ!”

ಸೊಪ್ಪಿನಕ್ಕ ನಾಚಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಆ ಕೈಗಳ ಒಳಗೆ ಅವಳು ನಗುತ್ತಿದ್ದಳು. ತನ್ನ ಬಾಯಾರಿಕೆಯನ್ನು ಗಮನಿಸಿದವನು ಈ ಲೋಕದಲ್ಲಿ ಒಬ್ಬನಾದರೂ ಇದ್ದಾನಲ್ಲ!

ಗಂಟೆ ಗೆದ್ದ. ಎರಡನೆಯ ಸಲವೂ ಗೆದ್ದು ಪುರಸಭೆಯ ಅಧ್ಯಕ್ಷನಾದ. ಮಾರುಕಟ್ಟೆಯ ಮೂಲೆಯಲ್ಲಿ ನೀಲಿ ಟೈಲ್ಸ್ ಹಾಕಿದ ಶೌಚಾಲಯ ಎದ್ದಿತು. ಉದ್ಘಾಟನೆಯ ದಿನ ಟೇಪು ಕತ್ತರಿಸಲು ಕತ್ತರಿಯನ್ನು ಅಕ್ಕನ ಕೈಗೇ ಕೊಟ್ಟ. ಚಪ್ಪಾಳೆಯಾಯಿತು, ಫೋಟೊ ಆಯಿತು. ದೊಡ್ಡವರೆಲ್ಲ ಕಾರು ಹತ್ತಿದ ಮೇಲೆ ಬಾಗಿಲಿಗೆ ಬೀಗ ಬಿತ್ತು.

“ನೀರಿನ ಸಂಪರ್ಕ ಬರಬೇಕಂತೆ” ಎಂದಳು ಸೊಪ್ಪಿನಕ್ಕ.

ಮಳೆಗಾಲ ಹೋಗಿ ಬೇಸಿಗೆ ಬಂತು. ಬೀಗ ತುಕ್ಕು ಹಿಡಿಯಿತು. ಪಕ್ಕದಲ್ಲಿ ಈರುಳ್ಳಿ ಮಾರುವವಳ ಬಾಯಿ ಸುಮ್ಮನಿರುವಂಥದ್ದಲ್ಲ.

“ಏನಕ್ಕಾ, ನಿನ್ ತಮ್ಮ ನಮಗೆ ಶೌಚಾಲಯ ಕಟ್ಟಿದ್ನೋ, ಬೀಗಕ್ಕೊಂದು ಮನೆ ಕಟ್ಟಿದ್ನೋ?”

“ಸುಮ್ನಿರೇ ಮಾರಾಯ್ತಿ. ಊರೆಲ್ಲ ಅವನ ತಲೆ ಮೇಲಿದೆ. ಇವತ್ತಲ್ಲ ನಾಳೆ ತೆಗೀತಾನೆ. ನಮ್ಮ ಹುಡುಗನ್ನ ನಾವೇ ನಿಲ್ಲಿಸಿ ಕೇಳಿ ಮರ್ಯಾದೆ ಕಳೀಬೇಕಾ?”

ಈರುಳ್ಳಿಯವಳು ಸುಮ್ಮನಾದಳು. ಉಳಿದವರೂ ಸುಮ್ಮನಾದರು. ಹೊರಗಿನವನು ಕಟ್ಟಿಸಿದ್ದರೆ ಎಂದೋ ಆ ಬಾಗಿಲು ಒಡೆದು ನೋಡುತ್ತಿದ್ದರು. ಇವನು ಮನೆಮಗನಲ್ಲವೇ?

ಮನೆಮಗನ ಮನೆ ಮೇಲೆ ಮಹಡಿ ಬಂತು, ಮಹಡಿ ಮೇಲೆ ಇನ್ನೊಂದು ಮಹಡಿ. ಅವನು ಮಾರುಕಟ್ಟೆಗೆ ಬರುವುದು ನಿಂತಿತು. ಸೊಪ್ಪು ಬೇಕಾದರೆ ಡ್ರೈವರ್ ಬರುತ್ತಿದ್ದ.

ಒಂದು ದಿನ ಸೊಪ್ಪಿನಕ್ಕ ಚಳಿಜ್ವರದಲ್ಲಿ ನಡುಗುತ್ತ ಬುಟ್ಟಿಯ ಮೇಲೇ ಒರಗಿದಳು. ಈರುಳ್ಳಿಯವಳೇ ಅವಳನ್ನು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದಳು.

“ಉರಿಮೂತ್ರ ಯಾವಾಗಿಂದ?” ಎಂದು ಕೇಳಿದಳು ನರ್ಸಮ್ಮ.

“ಅಯ್ಯೋ, ಅದು ನಮ್ಮ ಮಾರುಕಟ್ಟೆಯವರಿಗೆಲ್ಲ ಇರೋದೇ ಬಿಡಿ.”

“ಎಲ್ಲರಿಗೂ ಇದ್ರೆ ಕಾಯಿಲೆ ಅಲ್ವಾ ಅದು? ನೀರು ಕುಡೀದೆ, ಕಟ್ಕೊಂಡು ಕೂತು ಕೂತು ಸೋಂಕು ಮೂತ್ರಪಿಂಡಕ್ಕೇ ಹತ್ತಿದೆ. ಔಷಧಿ ತಪ್ಪಿಸ್ಬೇಡಿ. ಆದ್ರೂ ಕೆಟ್ಟಿದ್ದೆಲ್ಲ ಸರಿಹೋಗಲ್ಲ ಅಂದ್ರು ಡಾಕ್ಟರು.” ನರ್ಸಮ್ಮ ಅವಳ ಕೈ ಹಿಡಿದುಕೊಂಡಳು. “ಅಲ್ಲಿ ಶೌಚಾಲಯ ಕಟ್ಟಿದ್ದಾರಲ್ಲ, ಯಾಕೆ ಹೋಗಲ್ಲ?”

“ಬೀಗ ಹಾಕಿದೆ.”

“ಯಾಕೆ ಅಂತ ಯಾರೂ ಕೇಳಲಿಲ್ವಾ?”

ಸೊಪ್ಪಿನಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು.

ನರ್ಸಮ್ಮ ಬಿಡಲಿಲ್ಲ. ಈರುಳ್ಳಿಯವಳನ್ನು ಜತೆಗಿಟ್ಟುಕೊಂಡು ಪುರಸಭೆಗೆ ಮಾಹಿತಿ ಕೇಳಿ ಅರ್ಜಿ ಹಾಕಿದಳು. ಕೆಲಸ ಪೂರ್ತಿಯಾಗಿದೆ, ಗುಂಡಿಗೂ ಪೈಪಿಗೂ ಹಣ ಕೊಟ್ಟಾಗಿದೆ ಎಂದು ಉತ್ತರ ಬಂತು. ಅದನ್ನು ಹಿಡಿದು ಭ್ರಷ್ಟಾಚಾರದ ತನಿಖೆ ಮಾಡುವವರಿಗೆ ದೂರು ಕೊಟ್ಟರು. ಅಧಿಕಾರಿಗಳು ಬಂದು ಎಲ್ಲರ ಎದುರಿಗೆ ಬೀಗ ಒಡೆದರು, ನೆಲ ಅಗೆಸಿದರು. ಕೆಳಗೆ ಗುಂಡಿಯಿಲ್ಲ, ಪೈಪಿಲ್ಲ. ಒಣಮಣ್ಣು.

ಆಮೇಲೆ ಒಂದೊಂದೇ ಹೊರಬಿತ್ತು. ಇಲ್ಲದ ಚರಂಡಿ, ಉರಿಯದ ಬೀದಿದೀಪ, ಎಲ್ಲದರಲ್ಲೂ ಅಧ್ಯಕ್ಷರ ಪಾಲು. ಕೇಸು ವರ್ಷಗಟ್ಟಲೆ ನಡೆಯಿತು. ಅಷ್ಟೂ ಕಾಲ ಸೊಪ್ಪಿನಕ್ಕನದು ಒಂದೇ ಮಾತು: “ಹೊಟ್ಟೆಕಿಚ್ಚಿನವರು ನನ್ನ ತಮ್ಮನ್ನ ಸಿಕ್ಕಿಸಿದ್ದಾರೆ. ನೆಲದ ಕೆಳಗೆ ಗುಂಡಿ ಇಲ್ಲ ಅಂತ ಅವನಿಗೇನು ಗೊತ್ತು? ಕಂಟ್ರಾಕ್ಟರು ಮೋಸ ಮಾಡಿರ್ತಾನೆ.” ಈರುಳ್ಳಿಯವಳ ಜತೆ ಮಾತು ಬಿಟ್ಟಳು. ಗೋಣಿಯನ್ನು ದೂರ ಎಳೆದು ಹಾಸಿಕೊಂಡಳು.

ಕೊನೆಗೆ ನ್ಯಾಯಾಲಯ ಗಂಟೆಯನ್ನು ಅಪರಾಧಿಯೆಂದು ಜೈಲಿಗೆ ಕಳಿಸಿತು. ಕುರ್ಚಿ ಹೋಯಿತು. ತೆರವಾದ ಜಾಗಕ್ಕೆ ಅವನ ಹೆಂಡತಿ ನಿಂತಳು.

ಸೊಪ್ಪಿನಕ್ಕ ಜೈಲಿಗೆ ಹೋದಳು. ಜಾಲರಿಯ ಆಚೆ ತಮ್ಮ ಅರ್ಧಕ್ಕರ್ಧ ಇಳಿದುಹೋಗಿದ್ದ.

“ಅಕ್ಕಾ, ನೀನೊಂದು ಮಾತು ಹೇಳಿದ್ರೆ ಮಾರುಕಟ್ಟೆ ಓಟು ಪೂರ್ತಿ ಇವಳಿಗೇ. ಎಲ್ಲರೂ ತಿಂತಾರಕ್ಕಾ, ಸಿಕ್ಕಿಬಿದ್ದೋನು ನಾನೊಬ್ಬ, ಅಷ್ಟೇ.” ಹೇಳುತ್ತ ಹೇಳುತ್ತ ಅವಳ ಮುಖ ನೋಡಿದ. “ಯಾಕೆ ಮುಖ ಹೀಗೆ ಊದ್ಕೊಂಡಿದೆ?”

“ಮೂತ್ರಪಿಂಡ ಕೆಟ್ಟಿದೆಯಂತೆ.”

“ಅಯ್ಯೋ! ಯಾರಿಗೆ ತೋರಿಸ್ದೆ? ಹೇಗಾಯ್ತು?”

ಅವನಿಗೆ ನಿಜವಾಗಿಯೂ ಗಾಬರಿಯಾಗಿತ್ತು. ನಿಜವಾಗಿಯೂ ಗೊತ್ತಿರಲಿಲ್ಲ. ಸೊಪ್ಪಿನಕ್ಕನನ್ನು ಚುಚ್ಚಿದ್ದು ಅದೇ.

“ನಾನು ನೀರು ಕುಡಿಯಲ್ವಲ್ಲೋ” ಎಂದಳು.

ಗಂಟೆ ಜಾಲರಿಯಿಂದ ಒಂದು ಹೆಜ್ಜೆ ಹಿಂದೆ ಸರಿದ.

“ಒಂದು ಕೇಳ್ತೀನಿ, ನಿಜ ಹೇಳು. ನನ್ ಕೈಲಿ ಟೇಪು ಕಟ್ ಮಾಡಿಸಿದ್ಯಲ್ಲ, ಆವತ್ತು ಕೆಳಗೆ ಏನೂ ಇಲ್ಲ ಅಂತ ಗೊತ್ತಿತ್ತಾ ನಿನಗೆ?”

“ಮುಂದಿನ ಅನುದಾನ ಬಂದ್ಮೇಲೆ ಮಾಡಿಸೋಣ ಅಂತಿದ್ದೆ ಅಕ್ಕಾ...”

ಅವಳು ಜಾಲರಿಯ ಸಂದಿನಲ್ಲಿ ಬೆರಳು ತೂರಿಸಿದಳು. ಅವನು ಆ ಬೆರಳನ್ನು ಹಿಡಿದುಕೊಂಡು ಅತ್ತ. ಅವಳೂ ಅತ್ತಳು. ಹೊತ್ತಾಯಿತು ಎಂದು ಪೊಲೀಸಿನವನು ಬಂದು ನಿಂತ.

ಬಸ್ಸಿನಲ್ಲಿ ಅವಳಿಗೆ ಒಂದೇ ಯೋಚನೆ. ಕೈ ಸುಟ್ಟುಕೊಂಡೀತು ಎಂದು ಒಲೆಯ ಮುಂದಿನಿಂದ ಮಗುವನ್ನು ಎಳೆದುಕೊಂಡವಳು ತಾನು. ಕದ್ದು ಒಂದು ಹಣ್ಣು ತಿಂದಾಗ ಕಿವಿ ಹಿಂಡಿದವಳೂ ತಾನೇ. ಅವನು ದೊಡ್ಡವನಾದ ಮೇಲೆ ಮಾತ್ರ ಯಾಕೆ ಬಾಯಿ ಕಟ್ಟಿತು? ಬೀಗ ಬಿದ್ದ ಮರುದಿನವೇ ಹೋಗಿ “ಏನೋ ಇದು?” ಎಂದಿದ್ದರೆ, ಅವನು ಅಲ್ಲಿಗೇ ನಿಲ್ಲುತ್ತಿದ್ದನೇನೋ.

ಮಾರನೆಯ ವಾರ ಪ್ರಚಾರದ ಗಾಡಿ ಮಾರುಕಟ್ಟೆಗೆ ಬಂತು. ತಮ್ಮನ ಹೆಂಡತಿ ಇಳಿದು ಬಂದು ಕೈ ಹಿಡಿದಳು.

“ಅತ್ತಿಗೆ, ಬನ್ನಿ, ನನ್ನ ಪಕ್ಕ ನಿಂತ್ಕೊಳ್ಳಿ. ನಿಮ್ಮನ್ನ ನೋಡಿದ್ರೆ ಸಾಕು, ಯಾರೂ ಇಲ್ಲ ಅನ್ನಲ್ಲ.”

“ಗಾಡಿ ಹತ್ತೋದು ಆಮೇಲಿರ್ಲಿ. ನೀನಿಲ್ಲಿ ಬಾ” ಎಂದು ಸೊಪ್ಪಿನಕ್ಕ ಅವಳನ್ನು ನೀಲಿ ಗೋಡೆಯ ಒಳಗೆ ಕರೆದೊಯ್ದಳು. ಅಗೆದ ನೆಲ ಹಾಗೇ ಬಾಯಿ ಬಿಟ್ಟುಕೊಂಡಿತ್ತು. ತಮ್ಮನ ಹೆಂಡತಿ ಅದನ್ನು ನೋಡಿದ್ದು ಅದೇ ಮೊದಲು.

“ಜೈಲಿಗೆ ಹೋದಾಗ ಇವರಿಗೆ ಏನಂತ ಹೇಳ್ಲಿ ಅತ್ತಿಗೆ?” ಎಂದಳು.

“ಅಕ್ಕ ನಿನ್ನ ಕೈ ಬಿಟ್ಟಿಲ್ಲ, ನೋಡೋಕೆ ಬರ್ತಾನೇ ಇರ್ತಾಳೆ ಅನ್ನು. ಓಟು ಮಾತ್ರ ಕೊಡಲ್ಲ ಅನ್ನು.”

ತಮ್ಮನ ಹೆಂಡತಿ ಗಾಡಿ ಹತ್ತಲಿಲ್ಲ. ತಲೆ ತಗ್ಗಿಸಿ ನಡೆದುಕೊಂಡೇ ಮನೆಗೆ ಹೋದಳು. ಮರುದಿನ ಪ್ರಚಾರಕ್ಕೂ ಬರಲಿಲ್ಲ. ಸೊಪ್ಪಿನಕ್ಕ ಗೋಣಿಯನ್ನು ಎಳೆದು ತಂದು ಈರುಳ್ಳಿಯವಳ ಪಕ್ಕ ಹಾಸಿದಳು.

“ಬಂದ್ಯಾ?” ಎಂದಳು ಈರುಳ್ಳಿಯವಳು. “ಸರಿ, ಮತ ಕೇಳೋಕೆ ಇನ್ನಿಬ್ರು ಬರ್ತಾರೆ ಈ ವಾರ. ಗುಂಡಿ ಯಾವಾಗ ತೋಡ್ತೀರಿ ಅಂತ ನೀನು ಕೇಳ್ತೀಯೋ, ನಾನು ಕೇಳ್ಲೋ?”

“ನಾನೇ ಕೇಳ್ತೀನಿ” ಎಂದಳು ಸೊಪ್ಪಿನಕ್ಕ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ನಿಮ್ಮ ಬೀದಿಯಲ್ಲೂ ಹೀಗೊಂದು ಬೀಗ ಇದೆಯೇ? ಚಪ್ಪಾಳೆ ತಟ್ಟುವ ಮೊದಲು ಬಾಗಿಲು ತೆಗೆಸಿ ಒಳಗೆ ಹೋಗಿ ನೋಡಿ, ನಲ್ಲಿ ತಿರುಗಿಸಿ ನೋಡಿ. ಅದು ಯಾರೂ ಕೊಟ್ಟ ದಾನವಲ್ಲ, ನಿಮ್ಮ ಹಣದಲ್ಲೇ ಕಟ್ಟಿದ್ದು. ಲೆಕ್ಕ ಕೇಳಲು ದೊಡ್ಡ ಓದು ಬೇಕಾಗಿಲ್ಲ, ನಾಲ್ಕು ಜನ ಸೇರಿ ಒಂದು ಅರ್ಜಿ ಕೊಟ್ಟರೆ ಸಾಕು. ಉತ್ತರದಲ್ಲಿ ಸುಳ್ಳು ಕಂಡರೆ ದೂರು ಕೊಡಿ. ಮತ ಹಾಕುವಾಗ ನೆಂಟಸ್ತಿಕೆ ನೋಡಬೇಡಿ, ಕೆಲಸ ನೋಡಿ. ಕುರ್ಚಿಯಲ್ಲಿ ಕೂತವರು ನಿಮ್ಮ ಮನೆಯವರೇ ಆಗಿದ್ದರೆ ಎಲ್ಲರಿಗಿಂತ ಮೊದಲು ನೀವೇ ಕೇಳಿ. ಒಂದು ದಿನ ಪೊಲೀಸರು ಬಂದು ಕೇಳುವುದಕ್ಕಿಂತ, ಇವತ್ತೇ ಅಕ್ಕ ಕೇಳುವುದು ಮೇಲು.