ಉದ್ದ ಎಳೆಯ ಗಿಟಾರ್

ಆದೋನಿಯ ಹತ್ತಿ ವ್ಯಾಪಾರಿ ಏಕಾಂತಪ್ಪನ ಮನೆಯಲ್ಲಿ ಏನನ್ನೇ ಆಗಲಿ ಆರಿಸುವ ಕೆಲಸ ಏಕಾಂತಪ್ಪನದೇ. ಹೆಂಡತಿಯ ಸೀರೆ, ಅಡುಗೆಮನೆಯ ಮಿಕ್ಸಿ, ಕೊನೆಗೆ ಆಕೆಯ ಕನ್ನಡಕದ ಫ್ರೇಮು ಕೂಡ ಅವನೇ ಆರಿಸಿದ್ದು. ಮಹಾಂತಮ್ಮ ಅದಕ್ಕೆಂದೂ ಜಗಳ ತೆಗೆದವಳಲ್ಲ. ಮಾರುಕಟ್ಟೆಯಲ್ಲಿ ಹತ್ತಿಯ ರಾಶಿಗೆ ಮೊಣಕೈತನಕ ಕೈ ತೂರಿಸಿ, ಒಳಗಿನಿಂದ ಒಂದು ಚಿಟಿಕೆ ಕಿತ್ತು, ಎರಡು ಹೆಬ್ಬೆರಳ ನಡುವೆ ಹಿಂಜಿ, ಎಳೆ ಎಷ್ಟುದ್ದ ಬರುತ್ತದೆಂದು ನೋಡಿ ದರ ಹೇಳುವ ಗಂಡಸಿಗೆ ಸೀರೆ ಆರಿಸುವುದು ಯಾವ ಮಹಾ ಎಂದು ಸುಮ್ಮನಿದ್ದಳು. ಕನ್ನಡಕ ಮಾತ್ರ ಮೂಗಿನಿಂದ ಜಾರುತ್ತಲೇ ಇತ್ತು.

ಅಂಥ ಮಹಾಂತಮ್ಮ, ಮೊಮ್ಮಕ್ಕಳನ್ನು ಕಂಡ ವಯಸ್ಸಿನಲ್ಲಿ, ಮೊದಲ ಸಲ ಬಾಯಿಬಿಟ್ಟು ಒಂದು ವಸ್ತು ಕೇಳಿದಳು. ಪತ್ತಿಕೊಂಡದ ಮದುವೆಯೊಂದರಲ್ಲಿ ಒಬ್ಬ ಹುಡುಗಿ ಗಿಟಾರ್ ನುಡಿಸುತ್ತ ಹಾಡಿದ್ದನ್ನು ನೋಡಿ ಬಂದಿದ್ದಳು. ಹುಡುಗಿಯ ಹೆಬ್ಬೆರಳು ಒಂದೇ ತಂತಿಯನ್ನು ಬಿಡದೆ ಮೀಟುತ್ತಿದ್ದರೆ, ಉಳಿದ ಬೆರಳುಗಳು ಹಾಡಿನ ಬೆನ್ನು ಹತ್ತಿ ಓಡುತ್ತಿದ್ದವು. ಮದುವೆಯಾಗಿ ಬಂದಾಗಿನಿಂದ ಮಠದ ಭಜನೆಯಲ್ಲಿ ಏಕತಾರಿ ಮೀಟುತ್ತಿದ್ದವಳಿಗೆ ಆ ಹೆಬ್ಬೆರಳು ತನ್ನದೇ ಅನ್ನಿಸಿತ್ತು.

“ರೀ, ನನಗ ಒಂದು ಗಿಟಾರ್ ಬೇಕ್ರಿ. ಶ್ರಾವಣದಾಗ ಭಜನಿಗೆ ನುಡಿಸ್ತೀನಿ.”

ಆಗಿನ್ನೂ ಯುಗಾದಿ ಮುಗಿದಿತ್ತಷ್ಟೆ. ಹೆಂಡತಿ ಕೇಳಿದ್ದೇ ಹೆಚ್ಚೆಂದು ಹಿಗ್ಗಿದ ಏಕಾಂತಪ್ಪ ಅಂದೇ ಸಂಜೆ ಆಟೋದಲ್ಲಿ ಗಿಟಾರ್ ತಂದಿಳಿಸಿದ. ಅಂಗಡಿಯಲ್ಲಿದ್ದ ಎಲ್ಲವುಗಳಿಗಿಂತ ಅದರ ಕುತ್ತಿಗೆ ಉದ್ದ, ಹೊಟ್ಟೆ ದೊಡ್ಡದು, ತಂತಿಗಳು ಉಕ್ಕಿನವು.

“ಎಳಿ ಉದ್ದ ಇದ್ದಷ್ಟೂ ಮಾಲ್ ಚಲೋ,” ಎಂದು ಮೀಸೆ ತೀಡಿದ.

ಎದುರು ಮನೆಯಿಂದ ಅವನ ಅಕ್ಕ ಬಸವಕ್ಕ ನೋಡಲು ಬಂದಳು. ಭಜನೆಯ ಮುಂದಿನ ಸಾಲಿನ ಮೇಲೆ, ಆ ಏಕತಾರಿಯ ಮೇಲೆ, ಆಕೆಗೆ ಬಹಳ ದಿನಗಳಿಂದ ಕಣ್ಣು. “ಈ ವಯಸ್ಸಿನಾಗ ಇದೇನ ಹುಚ್ಚು, ಮಾಂತಮ್ಮ? ಇರ್ಲಿ, ಶ್ರಾವಣಕ್ಕ ಎಲ್ಲಾರ ಮುಂದ ನುಡಿಸು. ಬರದಿದ್ರ ಏಕತಾರಿ ನನ್ನ ಕೈಗೆ ಕೊಟ್ಟು ಹಿಂದಕ ಕುಂದ್ರು. ಆತಿಲ್ಲ?”

“ಆತ್ರಿ, ಅಕ್ಕಾರ,” ಅಂದುಬಿಟ್ಟಳು ಮಹಾಂತಮ್ಮ.

ಸೊಸೆ ಸುಷ್ಮಾ ಫೋನಿನಲ್ಲಿ ಪಾಠದ ವಿಡಿಯೋ ಹಾಕಿಕೊಟ್ಟಳು. ಕಣ್ಣಿಗೆ ಎಲ್ಲವೂ ತಿಳಿಯುತ್ತಿತ್ತು, ಕೈಗೆ ಮಾತ್ರ ಬಗ್ಗುತ್ತಿರಲಿಲ್ಲ. ಗಿಟಾರಿನ ಹೊಟ್ಟೆಯ ಮೇಲೆ ತೋಳು ಹಾಯಿಸುವಷ್ಟರಲ್ಲಿ ಭುಜ ಹಿಡಿದುಕೊಳ್ಳುತ್ತಿತ್ತು. ಎಡಗೈ ಕುತ್ತಿಗೆಯ ತುದಿ ಮುಟ್ಟುತ್ತಿರಲಿಲ್ಲ. ಉಕ್ಕಿನ ತಂತಿ ಬೆರಳ ತುದಿ ಕೊಯ್ಯುತ್ತಿತ್ತು, ಅದರ ಅಬ್ಬರದಲ್ಲಿ ಆಕೆಯ ಮೆತ್ತನೆಯ ದನಿ ಅಡಗಿಯೇ ಹೋಗುತ್ತಿತ್ತು. ಮುಂಗಾರು ಬಿತ್ತನೆ ಮುಗಿದರೂ ಒಂದು ಹಾಡು ನೆಟ್ಟಗೆ ಬರಲಿಲ್ಲ. ತನಗೇ ವಯಸ್ಸಾಯಿತು, ತನ್ನ ಬೆರಳೇ ಕೆಟ್ಟವು ಎಂದುಕೊಂಡು ಮಹಾಂತಮ್ಮ ಹಿತ್ತಲಲ್ಲಿ ಕೂತು ಅತ್ತಳು.

ಕಡೆಗೆ ಗಂಡನನ್ನು ಕರೆದುಕೊಂಡು ಗಿಟಾರ್ ಹಿಂದಿರುಗಿಸಲು ಹೊರಟಳು. ಅಂಗಡಿಯ ನಾಗಭೂಷಣ ಗಲ್ಲಾದ ಹತ್ತಿರ ಏಕಾಂತಪ್ಪನೊಡನೆ ಮಾತಿಗಿಳಿದ. ನಿಂತು ಬೇಸತ್ತ ಮಹಾಂತಮ್ಮನ ಕಣ್ಣಿಗೆ ಮೂಲೆಯಲ್ಲಿ ಗೋಡೆಗೆ ಒರಗಿಸಿದ್ದ ಒಂದು ಚಿಕ್ಕ ಗಿಟಾರ್ ಬಿತ್ತು. ಬಣ್ಣವಿಲ್ಲ, ಹೊಳಪಿಲ್ಲ. ಸ್ಟೂಲಿನ ಮೇಲೆ ಕೂತು ಎತ್ತಿಕೊಂಡಳು. ಮಡಿಲಿಗೆ ಸರಿಯಾಗಿ ಕೂತಿತು. ತಂತಿಗಳು ನೈಲಾನಿನವು, ಮೆತ್ತಗೆ. ಒಂದಕ್ಕೊಂದು ಅಂತರ ಬಿಟ್ಟಿದ್ದರಿಂದ ಆಕೆಯ ದಪ್ಪ ಬೆರಳುಗಳು ಒಂದರ ಮೇಲೊಂದು ಬೀಳಲಿಲ್ಲ. ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಮೀಟಿದಳು.

“ಅಮ್ಮಾ, ಅದಿ ಪಿಲ್ಲಲದಮ್ಮಾ! ಸಣ್ಣ ಹುಡುಗರು ಕಲಿಯಾಕ ಇಟ್ಟಿದ್ದು,” ಎಂದ ನಾಗಭೂಷಣ.

ಮಹಾಂತಮ್ಮ ನಿಲ್ಲಿಸಲಿಲ್ಲ. ಇಷ್ಟು ದಿನ ಆಕೆಗೆ ಕಣ್ಣೀರು ಹಾಕಿಸಿದ್ದ ಅದೇ ಹಾಡು ಈಗ ಬೆರಳುಗಳಿಂದ ತಾನಾಗಿ ಇಳಿದು ಬಂತು. ಮುಗಿದಾಗ ಆಕೆಗೇ ನಗು ಬಂತು. ಕೆಟ್ಟದ್ದು ಬೆರಳಲ್ಲ!

“ರೀ, ನನಗ ಇದ ಬೇಕು.”

“ಏ, ಬ್ಯಾಡ. ಹುಡುಗರ ಸಾಮಾನು ಹಿಡ್ಕೊಂಡು ಮಠಕ್ಕ ಹೋದ್ರ ಮಂದಿ ಏನಂದಾರು?”

“ಒಂದು ಮಾತು ಹೇಳ್ರಿ. ಹಾಸಿಗಿ ಹೊಲಿಯೋನಿಗೆ ನೀವು ಉದ್ದ ಎಳಿ ಹತ್ತಿ ಕೊಡ್ತೀರೇನು?”

“ಅವಂಗ್ಯಾಕ ಅದು? ಅದು ನೂಲು ತಗಿಯೋರಿಗೆ ಬೇಕಾದ್ದು.”

“ಮತ್ತ ನನಗ್ಯಾಕ ಕೊಟ್ರಿ?” ಮಹಾಂತಮ್ಮನ ದನಿ ಏರಿತು. “ನೀವು ಒಳಗ ಕೈ ಹಾಕದೆ ಒಂದು ರಾಶಿಗೂ ದರ ಹೇಳಿದೋರಲ್ಲ. ಆ ದೊಡ್ಡದಕ್ಕ ನನ್ನ ಕೈ ಹಾಕ್ಸಿದ್ರೇನು?”

ಏಕಾಂತಪ್ಪ ಬಗ್ಗಿ ಚಿಕ್ಕ ಗಿಟಾರಿನ ಒಂದು ತಂತಿಯನ್ನು ಹತ್ತಿಯ ಎಳೆಯಂತೆ ಬೆರಳಲ್ಲಿ ಹಿಡಿದು ನೋಡಿದ. ನಾಗಭೂಷಣನ ಕಡೆ ತಿರುಗಿ, “ಅದನ್ನ ಕಟ್ರಿ,” ಎಂದ.

ಶ್ರಾವಣದ ಮೂರನೆಯ ಸೋಮವಾರ ಮಠದ ಅಂಗಳ ತುಂಬಿತ್ತು. ಬಸವಕ್ಕ ಎದುರಿಗೇ ಕೂತು ಆಗಲೇ ಏಕತಾರಿಯನ್ನು ತನ್ನ ಪಕ್ಕಕ್ಕೆ ಎಳೆದುಕೊಂಡಿದ್ದಳು. ಚಿಕ್ಕ ಗಿಟಾರ್ ನೋಡಿ ಹೆಂಗಸರು ಕಿಸಕ್ಕೆಂದರು. ಮಹಾಂತಮ್ಮ ಕಣ್ಣು ಮುಚ್ಚಿದಳು. ಹೆಬ್ಬೆರಳು ಏಕತಾರಿಯ ಹಳೆಯ ಶ್ರುತಿ ಹಿಡಿಯಿತು, ಉಳಿದ ಬೆರಳು ವಚನದ ಸಾಲು ಹಿಡಿದವು, ಅವುಗಳ ಮೇಲೆ ಆಕೆಯ ದನಿ ಎಲ್ಲೂ ಮುಚ್ಚಿಹೋಗದೆ ತೇಲಿತು. ಎರಡನೆಯ ಹಾಡಿಗೆ ಅಂಗಳಕ್ಕೆ ಅಂಗಳವೇ ಚಪ್ಪಾಳೆಯ ತಾಳ ಹಾಕಿತು. ಮಹಾಂತಮ್ಮ ಶ್ರುತಿ ತಪ್ಪದೆ ದನಿ ಇನ್ನಷ್ಟು ಏರಿಸಿದಳು.

ಮುಗಿದ ಮೇಲೆ ಬಸವಕ್ಕ ಎದ್ದು ಬಂದಳು. ಏಕತಾರಿಯನ್ನು ಮಹಾಂತಮ್ಮನ ಕೈಗೇ ಕೊಟ್ಟಳು. “ಸೋತೆ, ತಗೋ ಯವ್ವಾ. ಬರೋ ಸೋಮವಾರ ಇನ್ನೊಂದು ಹಾಡು ಹೇಳು.”

“ಏಕತಾರಿ ನೀವ ಮೀಟ್ರಿ, ಅಕ್ಕಾರ. ಶ್ರುತಿಗೆ ಶ್ರುತಿ ಕೂಡ್ತೈತಿ. ನನ್ನ ಬಾಜೂಕ ಕುಂದರ್ರಿ.”

ಅಷ್ಟರಲ್ಲಿ ಗಂಡಸರ ಸಾಲಿನಿಂದ ಏಕಾಂತಪ್ಪನ ದನಿ ದೊಡ್ಡದಾಗಿ ಕೇಳಿತು. “ಗಿಟಾರ್ ಹೆಂಗೈತಿ ನೋಡಿದ್ರಲ್ಲ? ನಾನ ಆರಿಸಿ ತಂದದ್ದು!”

ಮಹಾಂತಮ್ಮ ಜಾರಿದ ಕನ್ನಡಕ ಮೇಲೇರಿಸಿಕೊಂಡು, ಜೀವಮಾನದಲ್ಲಿ ಮೊದಲ ಸಲ, ತುಂಬಿದ ಸಭೆಯಲ್ಲಿ ಗಂಡನ ಮಾತು ತಿದ್ದಿದಳು. “ನೀವಲ್ಲರಿ. ನಾನು ಆರಿಸಿದ್ದು.”

ಏಕಾಂತಪ್ಪ ಮೀಸೆಗೆ ಕೈ ಹಾಕಿದ, ನಕ್ಕುಬಿಟ್ಟ.

“ಹೌದ್ರಪ್ಪಾ, ಆಕಿನ ಆರಿಸ್ಯಾಳ. ನಾ ಆಟೋದಾಗ ಹಿಡ್ಕೊಂಡು ಕುಂತಿದ್ದೆ, ಅಷ್ಟ.”

“ನಾಳಿ ಕನ್ನಡಕದ ಅಂಗಡಿಗೂ ಬರ್ರಿ,” ಎಂದಳು ಮಹಾಂತಮ್ಮ, “ಹಿಡ್ಕೊಂಡು ಕುಂದ್ರಾಕ.”